ಕೆಂಪು ಬಟ್ಟೆ ಕಟ್ಟಿದ ಪೊಟ್ಟಣ

ಶಾಲೆಯ ಗೇಟು ಇನ್ನೂ ಅರ್ಧ ಮಾತ್ರ ತೆರೆದಿದೆ. ಬೆಳಕು ಸರಿಯಾಗಿ ಹರಿದಿಲ್ಲ. ಹಿಂಬದಿಯ ಜಗಲಿಯಲ್ಲಿ ನೀಲಿ ಟಾರ್ಪಾಲು ಹಾಸಿಕೊಂಡು ಕುಕ್ಕರುಗಾಲಿನಲ್ಲಿ ಕೂತ ಹೆಂಗಸೊಬ್ಬರು ನಿನ್ನೆಯ ಕಸದ ಬುಟ್ಟಿಗಳನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದಾರೆ. ಪೆನ್ಸಿಲ್ ಹೆರೆದ ಸಿಪ್ಪೆ, ಬಿಸ್ಕತ್ತಿನ ಪೊಟ್ಟಣ, ಅರ್ಧ ತಿಂದು ಬಿಟ್ಟ ಬಾಳೆಹಣ್ಣು, ಒಂಟಿ ಕಾಲುಚೀಲ. ಎಲ್ಲವನ್ನೂ ಎಡಗೈಯಿಂದಲೇ ತಡವುತ್ತಾರೆ. ಬ್ಲೇಡು, ಗುಂಡುಪಿನ್ನು, ಮುರಿದ ಸ್ಕೇಲಿನ ಚೂಪು ತುದಿ ಸಿಕ್ಕರೆ ಪಕ್ಕದ ಡಬ್ಬಕ್ಕೆ ಹಾಕುತ್ತಾರೆ. ಇನ್ನು ಸ್ವಲ್ಪ ಹೊತ್ತಿಗೆ ಮಕ್ಕಳು ಬಂದು ಇದೇ ಕಸಕ್ಕೆ ಕೈ ಹಾಕುತ್ತಾರೆ. ಅಷ್ಟರೊಳಗೆ ಅದರಲ್ಲಿ ಚುಚ್ಚುವಂಥದ್ದು ಏನೂ ಉಳಿದಿರಬಾರದು.

"ಬಲಗೈ ನಂಬೋ ಹಾಗಿಲ್ಲ" ಎನ್ನುತ್ತಾರೆ, ತಲೆ ಎತ್ತದೆ. "ಎರಡು ಬೆರಳಿಗೆ ಬಿಸಿ, ತಣ್ಣಗೆ ಏನೂ ಗೊತ್ತಾಗಲ್ಲ. ಚುಚ್ಚಿದ್ರೂ ರಕ್ತ ಕಂಡ ಮೇಲೇ ತಿಳಿಯೋದು."

ಶಾಲೆಯ ಲೆಕ್ಕದಲ್ಲಿ ಇವರು ಆಯಾ. ಕೋಣೆ ಗುಡಿಸುವುದು, ನೀರು ತುಂಬಿಸುವುದು ಕೆಲಸ. ವಾರಕ್ಕೆರಡು ದಿನ ಬೆಳಗಿನ ಮೊದಲ ಅವಧಿಯಲ್ಲಿ ಮಾತ್ರ ಇವರು 'ಕಸದ ಟೀಚರ್'. ಆ ಹೆಸರು ಕೇಳಿ ಮೊದಮೊದಲು ಶಿಕ್ಷಕಿಯರಿಗೆ ಇರುಸುಮುರುಸಾಗಿತ್ತಂತೆ, ಇವರಿಗೆ ನಗು ಬಂದಿತ್ತಂತೆ. "ಕಸದೋಳು ಅಂತ ಬೇಕಾದಷ್ಟು ಜನ ಕರೆದಿದ್ದಾರೆ. ಅದರ ಜೊತೆಗೆ ಟೀಚರ್ ಅಂತ ಸೇರಿಸಿದ್ದು ಈ ಮಕ್ಕಳೇ."

ಮೊದಲು ಇವರಿದ್ದದ್ದು ಕಸ ಬೇರ್ಪಡಿಸುವ ಶೆಡ್ಡಿನಲ್ಲಿ. ಉದ್ದನೆಯ ತಗಡಿನ ಮೇಜು, ಅದರ ಮೇಲೆ ಚೀಲ ಸುರಿಯುತ್ತಾರೆ, ಎರಡೂ ಬದಿ ನಿಂತ ಹೆಂಗಸರು ಕೈ ಹಾಕಿ ಆರಿಸುತ್ತಾರೆ. ಒಂದು ದಿನ ಕಪ್ಪು ಚೀಲವೊಂದನ್ನು ಹಿಸುಕಿ ನೋಡುವಾಗ ಒಳಗಿದ್ದ ಒಡೆದ ಬಾಟಲಿ ಕೈಗವಸನ್ನೂ ದಾಟಿ ಅಂಗೈಗಿಳಿಯಿತು. ಗಾಯ ಮಾಯಿತು, ತುಂಡಾದ ನರ ಕೂಡಲಿಲ್ಲ. ಆ ಬಾಟಲಿ ಯಾರ ಮನೆಯದೆಂದು ಇವರಿಗೆ ಗೊತ್ತಿಲ್ಲ, ಆ ಮನೆಯವರಿಗೂ ಗೊತ್ತಿಲ್ಲ. ಕಸವನ್ನು ಬಾಗಿಲಾಚೆ ಇಟ್ಟರೆ ಮುಗಿಯಿತು, ಅಲ್ಲಿಂದ ಮುಂದೆ ಅದಕ್ಕೂ ನಮಗೂ ಸಂಬಂಧವೇ ಇಲ್ಲ.

ಇವರು ಬಿಟ್ಟ ಜಾಗದಲ್ಲಿ ಈಗ ಇವರ ತಂಗಿ ನಿಂತಿದ್ದಾಳೆ. ಅಕ್ಕತಂಗಿಯರಿಬ್ಬರದೂ ಒಂದೇ ಮನೆ. ಇವರಿಗೆ ಒಬ್ಬಳು ಮಗಳು, ಎಂಟು ವರ್ಷದವಳು, ಮಂಡಿಯವರೆಗೆ ಇಳಿಯುವ ಕೂದಲು. ಮರಗಟ್ಟಿದ ಬೆರಳಲ್ಲಿ ಎಳೆ ನಿಲ್ಲದು. ಹಾಗಾಗಿ ದಿನಾ ಬೆಳಿಗ್ಗೆ ಶೆಡ್ಡಿಗೆ ಹೊರಡುವ ಮುಂಚೆ ಚಿಕ್ಕಮ್ಮನೇ ಹುಡುಗಿಗೆ ಜಡೆ ಹಾಕುತ್ತಾಳೆ. ತಾಯಿ ಪಕ್ಕದಲ್ಲಿ ಬಾಚಣಿಗೆ ಹಿಡಿದು ಕೂತಿರುತ್ತಾರೆ. ಈ ಶಾಲೆಯ ಕಸ, ಸುತ್ತಲ ಬೀದಿಗಳ ಕಸ ಹೋಗುವುದು ತಂಗಿ ನಿಲ್ಲುವ ಮೇಜಿಗೇ. ಇಲ್ಲಿ ಹೇಳಿಕೊಟ್ಟ ಪಾಠದ ಪರೀಕ್ಷೆ ನಡೆಯುವುದು ಅಲ್ಲಿ.

ಗಂಟೆ ಹೊಡೆಯುತ್ತದೆ. ಐದನೇ ತರಗತಿಯ ಮಕ್ಕಳು ಟಾರ್ಪಾಲಿನ ಸುತ್ತ ಕೂರುತ್ತಾರೆ. ತಮ್ಮದೇ ತರಗತಿಯ ಕಸ ನೋಡಿ ಮೂಗು ಮುಚ್ಚಿಕೊಂಡವನೊಬ್ಬನನ್ನು ಟೀಚರ್ ಕೇಳುತ್ತಾರೆ: "ನಿನ್ನೆ ಇದು ನಿನ್ನ ಡಬ್ಬೀಲಿದ್ದಾಗ ಚೆನ್ನಾಗಿತ್ತಲ್ಲಪ್ಪ, ರಾತ್ರೋರಾತ್ರಿ ಏನಾಯ್ತು?" ಎಲ್ಲರೂ ನಗುತ್ತಾರೆ, ಅವನೂ ಕೈ ಹಾಕುತ್ತಾನೆ. ಹಸಿಯದು ಒಂದು ಕಡೆ, ಒಣಗಿದ್ದು ಇನ್ನೊಂದು ಕಡೆ, ಎಣ್ಣೆ ಮೆತ್ತಿದ್ದು ತೊಳೆಯುವ ಬಕೆಟ್ಟಿಗೆ.

ಆಮೇಲೆ ಪೊಟ್ಟಣ ಕಟ್ಟುವ ಪಾಠ. ಗಾಜಿನ ಬದಲಿಗೆ, ಅಂಚು ತೇದು ಮೊಂಡು ಮಾಡಿದ ಹೆಂಚಿನ ಚೂರುಗಳನ್ನು ಒಬ್ಬರು ಹಳೆಯ ಪತ್ರಿಕೆಯಲ್ಲಿ ಸುತ್ತಿ, ದಾರ ಬಿಗಿದು, ಒಳಗೆ ಚೂಪಾದದ್ದಿದೆ ಎಂಬ ಗುರುತಿಗೆ ಮೇಲೊಂದು ಕೆಂಪು ಬಟ್ಟೆಯ ಚೂರು ಕಟ್ಟಬೇಕು. ಇನ್ನೊಬ್ಬರು ಕಣ್ಣು ಮುಚ್ಚಿಕೊಂಡು ಅದನ್ನು ಗಟ್ಟಿಯಾಗಿ ಹಿಡಿಯಬೇಕು. ಮೂಲೆ ಕೈಗೆ ತಾಗಿದರೆ ಬಿಚ್ಚಿ ಮತ್ತೆ ಕಟ್ಟು. "ತಗೊಳ್ಳೋರ ಮುಖ ನಿಮಗೆ ಕಾಣಲ್ಲ, ನಿಮ್ಮ ಮುಖ ಅವರಿಗೆ ಕಾಣಲ್ಲ. ಮಧ್ಯೆ ಇರೋದು ಈ ಪೊಟ್ಟಣ ಒಂದೇ" ಎನ್ನುತ್ತಾರೆ ಟೀಚರ್.

ಈ ಪಾಠ ಮೊದಲು ಇರಲಿಲ್ಲ. ಅದು ಹುಟ್ಟಿದ್ದು ಇವರದೇ ತಪ್ಪಿನಿಂದ. ಕಳೆದ ವರ್ಷ ಇವರು ಮಕ್ಕಳಿಗೆ ಪದೇಪದೇ ಹೇಳಿದ್ದು ಒಂದೇ ಮಾತು: ಏನೇ ಎಸೆಯುವುದಿದ್ದರೂ ತೊಳೆದು ಕೊಡಿ. ಹುಡುಗಿಯೊಬ್ಬಳು ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಮನೆಯಲ್ಲಿ ಗಾಜಿನ ಲೋಟ ಒಡೆದಾಗ ಚೂರುಗಳನ್ನೆಲ್ಲ ಸೋಪು ಹಚ್ಚಿ ತೊಳೆಯಲು ಕೂತಳು. ಅಂಗೈಗೆ ಹೊಲಿಗೆ ಬಿತ್ತು. ಮುಖ್ಯೋಪಾಧ್ಯಾಯಿನಿ ಅಂದೇ ತರಗತಿ ನಿಲ್ಲಿಸಿದರು.

"ಶೆಡ್ಡಲ್ಲಿ ಗಾಜು ತೊಳೆಯೋರನ್ನ ನಾನು ಕಂಡೇ ಇರಲಿಲ್ಲ. ಮಗು ತೊಳೀಬಹುದು ಅಂತ ತಲೆಗೇ ಹೋಗ್ಲಿಲ್ಲ. ನನ್ನ ಕೈ ಕೊಯ್ದಾಗ ಅಳಲಿಲ್ಲ ನಾನು. ಅವತ್ತು ಅತ್ತೆ."

ಅಂದು ಸಂಜೆಯೇ ಇವರು ಹುಡುಗಿಯ ಮನೆಗೆ ಹೋದರು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವರು ಆ ಹುಡುಗಿಯ ತಾಯಿ. "ಒಳಗೆ ಬನ್ನಿ ಅಂತಲೂ ಕರೀಲಿಲ್ಲ ನಾನು. ಬಾಯಿಗೆ ಬಂದ ಹಾಗೆ ಬೈದೆ. ಸುಮ್ನೆ ಕಸದ ಚೀಲಕ್ಕೆ ಎಸೆದಿದ್ರೆ ಆಗ್ತಿರಲಿಲ್ವಾ ಅಂದೆ. 'ಆಗ ನನ್ನ ತಂಗಿ ಕೈಗೆ ಹೋಗ್ತಿತ್ತಮ್ಮ' ಅಂದ್ರು. ಅಂದು, ಬಲಗೈ ಬಿಡಿಸಿ ತೋರಿಸಿದ್ರು."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತೇವೆ. ಆದರೆ ಹುಣ್ಣು ಇನ್ನೊಬ್ಬರ ಅಂಗೈಯಲ್ಲಿದ್ದರೆ ಯಾರಾದರೂ ಹೀಗೆ ಬಿಡಿಸಿ ತೋರಿಸಬೇಕಾಗುತ್ತದೆ. ಮರುವಾರ ಆ ತಾಯಿಯೇ ಶಾಲೆಗೆ ಬಂದು ತರಗತಿ ಮತ್ತೆ ನಡೆಸಿ ಎಂದು ಕೇಳಿದರು. ಮಕ್ಕಳ ಕೈಗೆ ಗಾಜು ಕೊಡಕೂಡದು, ಮನೆಯಲ್ಲಿ ಗಾಜಿದ್ದರೆ ದೊಡ್ಡವರೇ ಕಟ್ಟಬೇಕು ಎಂಬ ಷರತ್ತಿನ ಮೇಲೆ ತರಗತಿ ಶುರುವಾಯಿತು. ಮಕ್ಕಳು ಈಗ ಮನೆಯಲ್ಲಿ ದೊಡ್ಡವರ ಪಕ್ಕ ನಿಂತು, ಸರಿಯಾಗಿ ಕಟ್ಟುವವರೆಗೆ ಬಿಡುವುದಿಲ್ಲ. ಶಾಲೆಯ ಸುತ್ತಲ ಬೀದಿಗಳ ಚೀಲಗಳಲ್ಲಿ ಕೆಂಪು ಬಟ್ಟೆಯ ಪೊಟ್ಟಣಗಳು ಕಾಣಿಸತೊಡಗಿವೆ. ತಂಗಿ ಮನೆಗೆ ಬಂದು ಮೊದಲು ಹೇಳುವುದು ಅದನ್ನೇ: "ಅಕ್ಕ, ಇವತ್ತೂ ನಿನ್ನ ಮಕ್ಕಳು ಕಳಿಸಿದ್ರು."

ಎಲ್ಲ ಬೀದಿಗಳೂ ಇನ್ನೂ ಕಲಿತಿಲ್ಲ. ಕಳೆದ ವಾರ ತಂಗಿ ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದಳು. ಗಾಯ ಸಣ್ಣದೇ. ಆದರೂ ಆ ವಾರವಿಡೀ ಟೀಚರ್ ಮಗಳು ಕೂದಲಿಗೆ ಬರೀ ರಬ್ಬರ್ ಬ್ಯಾಂಡ್ ಹಾಕಿಕೊಂಡು ಶಾಲೆಗೆ ಹೋದಳು. ಇದನ್ನು ಹೇಳುತ್ತ ಟೀಚರ್ ಟಾರ್ಪಾಲು ಮಡಿಸುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಪ್ರಶಸ್ತಿ ಗಿಶಸ್ತಿ ಬೇಡವೆಂದು ಮೊದಲೇ ಹೇಳಿಬಿಡುತ್ತಾರೆ.

"ಮಗಳು ತಾನೇ ಜಡೆ ಹಾಕ್ಕೊಳ್ಳೋದು ಕಲಿಯೋವರೆಗಾದ್ರೂ ನನ್ನ ತಂಗಿ ಕೈ ನೆಟ್ಟಗಿರಲಿ."

ಬಕೆಟ್ಟು ಎತ್ತಿಕೊಂಡು ಎರಡು ಹೆಜ್ಜೆ ಹೋದವರು ತಿರುಗಿ ನಿಲ್ಲುತ್ತಾರೆ.

"ಆಮೇಲೂ ಇರಲಿ ಅಂತ ಬರ್ಕೊಳ್ಳಿ."