ಅಡಿಯ ಅಚ್ಚು ಓದುವ ಆರ್ಡಿಸ್

ಲೋವೆಲ್ ಫಾಸಮ್ ಮೊದಲ ಸಲ ಆರ್ಡಿಸ್ ಸ್ಕಾರ್‌ಳನ್ನು ಕಂಡಾಗ ಆಕೆ ನಾರ್ವೇ ರಿಜ್ ರೈಫಲ್ ಕ್ಲಬ್ಬಿನ ಮೈದಾನದಲ್ಲಿ ಮಂಡಿಯೂರಿ, ಗುರಿಗೆ ಗುಂಡು ಹಾರಿಸುವವರ ಪಕ್ಕದಲ್ಲಿ ಉದುರಿದ್ದ ಹಿತ್ತಾಳೆಯ ಖಾಲಿ ತೋಟೆಗಳನ್ನು ಹೆಕ್ಕಿ ಮೊಟ್ಟೆಯ ಟ್ರೇಗೆ ಜೋಡಿಸುತ್ತಿದ್ದಳು. ಎಪ್ಪತ್ತರ ಆಸುಪಾಸಿನ ಹೆಂಗಸು, ಮೈಮೇಲೆ ಗಂಡಸಿನ ಕೋಟು, ತಲೆಗೆ ಬಿಗಿದ ಸ್ಕಾರ್ಫು. ವಿಸ್ಕಾನ್ಸಿನ್ನಿನ ನವೆಂಬರ್ ಗಾಳಿ ಕಿವಿ ಕೀಳುತ್ತಿತ್ತು. ಲೋವೆಲ್‌ಗೆ ಅಯ್ಯೋ ಅನ್ನಿಸಿತು.

ಲೋವೆಲ್ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಉಪಮುಖ್ಯೋಪಾಧ್ಯಾಯನಾಗಿದ್ದು ನಿವೃತ್ತನಾದವನು. ಹೆಂಡತಿ ಹೋಗುತ್ತಿದ್ದ ಕ್ಲಬ್ಬಿಗೆ ಅಲ್ಲಿಯವರೆಗೆ ಕಾಲಿಡದವನು, ಆ ವರ್ಷವೇ ಅದರ ಕಾರ್ಯದರ್ಶಿಯಾಗಿದ್ದ. ಚುನಾವಣೆಯ ದಿನ ಬೇರೆ ಯಾರೂ ಕೈ ಎತ್ತಲಿಲ್ಲ; ಅದನ್ನು ಅವನು ಅವಿರೋಧ ಆಯ್ಕೆ ಎಂದು ಮನೆಗೆ ಹೋಗಿ ಹೆಂಡತಿ ಮಾರ್ಲಿಸ್‌ಗೆ ಹೇಳಿದ. ಅಂಥವನ ಕಣ್ಣೆದುರು ಒಬ್ಬ ಮುದುಕಿ ಚಳಿಯಲ್ಲಿ ಹಿತ್ತಾಳೆ ಹೆಕ್ಕುವುದೆಂದರೇನು?

ಮುಂದಿನ ಸಭೆಯಲ್ಲಿ ಲೋವೆಲ್ ಎದ್ದು ನಿಂತು, ಗುಜರಿಗೆ ಹಿತ್ತಾಳೆ ಹಾಕಿ ಹೊಟ್ಟೆ ಹೊರೆಯುತ್ತಿರುವ ಒಬ್ಬ ಬಡ ವಿಧವೆಯ ಬಗ್ಗೆ ಹದಿನೇಳು ನಿಮಿಷ ಮಾತಾಡಿದ. ಸದಸ್ಯರೆಲ್ಲ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಳ್ಳುತ್ತ ಕೂತರು. ಅಧ್ಯಕ್ಷ ಡೆಲ್ಮರ್ ಪ್ರೊಹಾಸ್ಕ, ನಲವತ್ತು ಹಸು ಕಟ್ಟಿದ ಮನುಷ್ಯ, ಕರವಸ್ತ್ರಕ್ಕೆ ಬಾಯಿಟ್ಟು ಕೆಮ್ಮಿದ. ತಪ್ಪು ತಿದ್ದುವುದು ಆ ಊರಿನವರ ಸ್ವಭಾವವಲ್ಲ. ತಪ್ಪು ಎಲ್ಲಿಯವರೆಗೆ ಹೋಗುತ್ತದೆಂದು ನೋಡುವುದರಲ್ಲಿ ಅವರಿಗೆ ಹೆಚ್ಚು ಆಸಕ್ತಿ. ಕ್ಲಬ್ಬಿನ ವತಿಯಿಂದ ಆಕೆಗೆ ಒಂದು ಟರ್ಕಿ ಕೋಳಿ ಕೊಡುವುದೆಂದು ಠರಾವಾಯಿತು. ಒಯ್ದು ಕೊಡುವ ಗೌರವವನ್ನು ಲೋವೆಲ್ ತಾನೇ ವಹಿಸಿಕೊಂಡ.

ಬಾಗಿಲು ತೆರೆದ ಆರ್ಡಿಸ್ ಮೊದಲು ಕೋಳಿಯನ್ನು ನೋಡಿದಳು, ಆಮೇಲೆ ಅವನನ್ನು.

"ಇಷ್ಟು ದೊಡ್ಡದು ನನ್ನ ಓವನ್ನಲ್ಲಿ ಹಿಡಿಯಲ್ಲ. ಇರ್ಲಿ, ಗರಗಸ ಇದೆ. ಒಳಗೆ ಬಾ. ನೀನು ಬರ್ತೀಯ, ನಗಬೇಡ ಅಂತ ಡೆಲ್ಮರ್ ಬೆಳಿಗ್ಗೇನೇ ಫೋನ್ ಮಾಡಿದ್ದ."

ನೆಲಮಾಳಿಗೆಯಲ್ಲಿ ಗೋಡೆಯುದ್ದಕ್ಕೂ ಮೊಟ್ಟೆಯ ಡಬ್ಬಗಳು ಸೂರಿನವರೆಗೂ ಪೇರಿಸಿದ್ದವು. ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಒಬ್ಬೊಬ್ಬ ಸದಸ್ಯನ ಹೆಸರು. ಕೆಳಗೆ ತೋಟೆ ಮಾಡಿದ ಕಾರ್ಖಾನೆಯ ಎರಡು ಅಕ್ಷರ, ಒಂದು ಇಸವಿ, ಎಷ್ಟು ಸಲ ಹಾರಿಸಿದ್ದೆಂದು ತೋರಿಸುವ ಗೀಟುಗಳು. ಡಬ್ಬದ ಒಳಗೆ, ಮೊಟ್ಟೆ ಕೂರಬೇಕಾದ ಗುಳಿಗಳಲ್ಲಿ, ಖಾಲಿ ತೋಟೆಗಳು ತಲೆಕೆಳಗಾಗಿ ನಿಂತು ಹೊಳೆಯುತ್ತಿದ್ದವು.

"ಇದೆಲ್ಲ…" ಎಂದ ಲೋವೆಲ್.

"ಕ್ಲಬ್ಬಿನೋರದ್ದು. ಅವರು ಹಾರಿಸ್ತಾರೆ, ನಾನು ಬೇರೆ ಮಾಡಿ ಇಡ್ತೀನಿ, ಅವರು ಒಯ್ದು ಮತ್ತೆ ಮದ್ದು ತುಂಬ್ತಾರೆ. ಹದಿನಾಲ್ಕು ವರ್ಷ ಆಯ್ತು. ಕಾಫಿ ಕುಡೀತೀಯಾ, ಇನ್ನೂ ಯಾರಿಗಾದ್ರೂ ಕೋಳಿ ಕೊಡೋದಿದೆಯಾ?"

ಕಾಫಿ ಕುಡಿಯುವಾಗ ಆಕೆಯ ಕತೆ ತುಂಡು ತುಂಡಾಗಿ ಹೊರಬಿತ್ತು. ಆರ್ಡಿಸ್ ತನ್ನ ಜನ್ಮದಲ್ಲಿ ಒಂದು ಗುಂಡೂ ಹಾರಿಸಿದವಳಲ್ಲ. ಇಪ್ಪತ್ತೊಂಬತ್ತು ವರ್ಷ ಮೊಟ್ಟೆ ಮಂಡಿಯ ಕತ್ತಲೆ ಕೋಣೆಯಲ್ಲಿ ಕೂತು, ಕೈಗೆ ಎರಡೆರಡರಂತೆ ಮೊಟ್ಟೆಯನ್ನು ದೀಪಕ್ಕೆ ಹಿಡಿದು, ಬೆರಳಲ್ಲೇ ತಿರುಗಿಸಿ, ಒಳಗೆ ರಕ್ತದ ಚುಕ್ಕೆಯಿದೆಯೆ, ಚಿಪ್ಪು ಬಿರಿದಿದೆಯೆ ಎಂದು ನೋಡಿ ಬೇರೆ ಮಾಡುವುದು ಆಕೆಯ ಕೆಲಸವಾಗಿತ್ತು. ಬಂದೂಕಿನ ಹುಚ್ಚು ಇದ್ದದ್ದು ಗಂಡ ಹಾಲ್ವರ್‌ಗೆ. ಅವನು ಸೈನ್ಯದ ಹಳೆಯ ತೋಟೆಗಳನ್ನು ಬಕೆಟ್ಟುಗಟ್ಟಲೆ ತಂದು, ಅಡಿಯಲ್ಲಿ ಒತ್ತಿದ ಅಚ್ಚು ಓದಿ, ವಿಂಗಡಿಸಿ ಮತ್ತೆ ತುಂಬುತ್ತಿದ್ದ. ಕಣ್ಣಿಗೆ ಪೊರೆ ಬಂದ ಮೇಲೆ ಓದಲಾಗದೆ ಹೆಂಡತಿಯನ್ನು ಕೂರಿಸಿಕೊಂಡ. ಆಕೆ ಓದುತ್ತಿದ್ದಳು, ಅವನು ಅರ್ಥ ಹೇಳುತ್ತಿದ್ದ. ಅವನು ತೀರಿಕೊಂಡು ಆರು ವರ್ಷವಾಗಿತ್ತು. ಕ್ಲಬ್ಬಿನವರ ಬಕೆಟ್ಟುಗಳು ಬರುವುದು ನಿಂತಿರಲಿಲ್ಲ.

"ಇದು ನೋಡು," ಎಂದು ಆಕೆ ಒಂದು ತೋಟೆಯನ್ನು ಅವನ ಕೈಗಿಟ್ಟಳು. "ಬರೀ 4 ಅಂತಿದೆ. ಅಂದ್ರೆ ನಲವತ್ನಾಲ್ಕನೇ ಇಸವಿ. ಯುದ್ಧದ ಗಡಿಬಿಡಿ, ಹೊಸ ಅಚ್ಚು ಕೊರೆಯೋಕೆ ಪುರುಸೊತ್ತಿಲ್ಲ, ಹಿಂದಿನ ವರ್ಷದ 43ರಲ್ಲಿ 3 ಉಜ್ಜಿ ಹಾಕಿಬಿಟ್ರು ಅಂತ ಹಾಲ್ವರ್ ಹೇಳ್ತಿದ್ದ. ಇದು ಹೊರದೇಶದ್ದು, ಒಳಗೆ ತಳದಲ್ಲಿ ಎರಡು ತೂತು, ನಮ್ಮದಕ್ಕೆ ನಡುವೆ ಒಂದೇ. ಗೊತ್ತಿಲ್ಲದೆ ಯಂತ್ರಕ್ಕೆ ಕೊಟ್ಟೆಯೋ, ಆ ತೂತಿಗೆ ಇಳಿಯೋ ಸೂಜಿ ಮುರೀತು. ಇದು ಅಂಗಡೀದು, ಗೋಡೆ ತೆಳು. ಇದು ಸೈನ್ಯದ್ದು, ಗೋಡೆ ದಪ್ಪ, ಒಳಗೆ ಜಾಗ ಕಡಿಮೆ. ಅದಕ್ಕೂ ಇದಕ್ಕೂ ಒಂದೇ ಅಳತೆ ಮದ್ದು ಹಾಕಬಾರದು."

ಲೋವೆಲ್ ಗಂಭೀರವಾಗಿ ತಲೆಯಾಡಿಸಿದ. ಅರ್ಧ ಕೇಳಿಸಿಕೊಂಡಿದ್ದ. ಇನ್ನರ್ಧ ಹೊತ್ತು ತನ್ನ ಹದಿನೇಳು ನಿಮಿಷದ ಭಾಷಣದ ಒಂದೊಂದು ವಾಕ್ಯವೂ ನೆನಪಾಗಿ ಅವನ ಕಿವಿ ಕೆಂಪಾಗುತ್ತಿತ್ತು.

ಅವಮಾನವಾದ ಮನುಷ್ಯ ಎರಡು ದಾರಿ ಹಿಡಿಯಬಹುದು. ನಕ್ಕು ಸುಮ್ಮನಾಗಬಹುದು, ಇಲ್ಲವೇ ಆ ವಿಷಯದಲ್ಲಿ ಪಂಡಿತನಾಗಬಹುದು. ಲೋವೆಲ್ ಭೂತಕನ್ನಡಿ ಕೊಂಡ. ಹರಾಜಿನಲ್ಲಿ ಒಂದು ಬಕೆಟ್ ಸೈನ್ಯದ ಖಾಲಿ ತೋಟೆಗಳನ್ನು ತಂದ. ಚಳಿಗಾಲವಿಡೀ ಗ್ಯಾರೇಜಿನಲ್ಲಿ ಕೂತು ಒಂದೊಂದನ್ನೂ ನೋಡಿದ. ಆರ್ಡಿಸ್‌ಳನ್ನು ಮಾತ್ರ ಏನನ್ನೂ ಕೇಳಲಿಲ್ಲ. ಕೋಳಿ ಕೊಟ್ಟವನು ಕೇಳುವುದು ಹೇಗೆ?

ಆ ಬಕೆಟ್ಟಿನಲ್ಲಿ ಕೆಲವು ತೋಟೆಗಳ ಅಡಿಯಲ್ಲಿ ಒಂದು ಪುಟ್ಟ ವೃತ್ತವಿತ್ತು, ವೃತ್ತದೊಳಗೆ ಕೂಡುವ ಚಿಹ್ನೆಯಂಥ ಗೆರೆ. ಲೋವೆಲ್ ಭೂತಕನ್ನಡಿಯನ್ನು ಇನ್ನೂ ಹತ್ತಿರಕ್ಕೆ ತಂದ. ರೈಫಲ್ಲಿನ ದುರ್ಬೀನಿಗೆ ಕಣ್ಣಿಟ್ಟರೆ ಕಾಣುವುದೂ ಅದೇ ತಾನೆ? ವೃತ್ತ, ನಡುವೆ ಕೂಡುವ ಗೆರೆ. ಇವು ಸೈನ್ಯದ ಗುರಿಕಾರರಿಗೆಂದೇ ವಿಶೇಷವಾಗಿ ಮಾಡಿದ ತೋಟೆಗಳೆಂದು ಅವನು ತೀರ್ಮಾನಿಸಿದ. ತೀರ್ಮಾನಿಸಿ ಸುಮ್ಮನಿರುವ ಗುಣ ಅವನದಲ್ಲ. ಕ್ಲಬ್ಬಿನ ಪತ್ರಿಕೆಯ ಏಪ್ರಿಲ್ ಸಂಚಿಕೆಯಲ್ಲಿ ಎರಡು ಪುಟ ಬರೆದ. ಆ ಪತ್ರಿಕೆಯನ್ನು ಯಾರೂ ಓದುವುದಿಲ್ಲವೆಂಬುದು ಅವನೊಬ್ಬನಿಗೆ ಗೊತ್ತಿರಲಿಲ್ಲ. ಯಾರೂ ಆಕ್ಷೇಪಿಸದಿದ್ದುದರಿಂದ ಎಲ್ಲರೂ ಒಪ್ಪಿದರೆಂದು ತಿಳಿದ.

ಅಂಥ ಅರವತ್ತು ತೋಟೆ ಆರಿಸಿ, ಉಜ್ಜಿ, ಹಿಗ್ಗಿದ್ದನ್ನು ಅಚ್ಚಿನಲ್ಲಿ ಒತ್ತಿ ಸರಿಮಾಡಿ, ಪುಸ್ತಕದಲ್ಲಿ ಅಂಗಡಿಯ ತೋಟೆಗೆ ಹೇಳಿದ್ದ ಅತಿ ಹೆಚ್ಚಿನ ಅಳತೆಯ ಮದ್ದನ್ನು ತುಂಬಿ, ಮೇಲೆ ಗುಂಡು ಕೂರಿಸಿದ. ಯಾರಿಗೆ? ಮಾರ್ಲಿಸ್‌ಗೆ. ಆ ಮನೆಯಲ್ಲಿ ಗುರಿ ಇದ್ದದ್ದು ಮಾರ್ಲಿಸ್‌ಗೆ. ಲೋವೆಲ್‌ಗೆ ಇದ್ದದ್ದು ಗುರಿಯ ಬಗ್ಗೆ ಅಭಿಪ್ರಾಯ. ಜೂನ್ ಮೊದಲ ಶನಿವಾರ ಜಿಲ್ಲಾ ಸ್ಪರ್ಧೆ. ಗೆದ್ದ ಇಬ್ಬರಿಗೆ ರಾಜ್ಯದ ತಂಡದಲ್ಲಿ ಜಾಗ. ಹನ್ನೊಂದು ವರ್ಷದಿಂದ ಮಾರ್ಲಿಸ್ ಆ ಜಾಗದ ಬಾಗಿಲ ತನಕ ಹೋಗಿ ವಾಪಸು ಬರುತ್ತಿದ್ದಳು.

ಶನಿವಾರ ಬೆಳಿಗ್ಗೆ ಮಾರ್ಲಿಸ್ ಚಾಪೆ ಹಾಸಿ, ರೈಫಲ್ ಇಟ್ಟು, ಪೆಟ್ಟಿಗೆ ಬಿಚ್ಚಿದಳು. ಪಕ್ಕದಲ್ಲಿ ಆರ್ಡಿಸ್ ಖಾಲಿ ತೋಟೆ ಬೀಳಲೆಂದು ತನ್ನ ತಾಡಪಾಲು ಹಾಸುತ್ತಿದ್ದಳು.

"ನೋಡಿ ಆರ್ಡಿಸ್," ಎಂದು ಲೋವೆಲ್ ಒಂದು ತೋಟೆ ಎತ್ತಿ ತೋರಿಸಿದ. ಆರು ತಿಂಗಳಿಂದ ಕಾದಿದ್ದ ಗಳಿಗೆ. "ಗುರಿಕಾರರದ್ದು! ನಾನೇ ಆರಿಸಿದ್ದು."

ಆರ್ಡಿಸ್ ಅದನ್ನು ತೆಗೆದುಕೊಂಡು ಬೆರಳಲ್ಲೇ ಒಂದು ಸುತ್ತು ತಿರುಗಿಸಿದಳು. ಪೆಟ್ಟಿಗೆಯಿಂದ ಇನ್ನೂ ಮೂರು ತೆಗೆದಳು. ನಾಲ್ಕನ್ನೂ ಬಿಸಿಲಿಗೆ ಹಿಡಿದಳು.

"ಎಷ್ಟು ತುಂಬಿದ್ದೀಯ?"

ಲೋವೆಲ್ ಅಳತೆ ಹೇಳಿದ. ಹೆಮ್ಮೆಯಿಂದಲೇ ಹೇಳಿದ.

ಆರ್ಡಿಸ್ ಪೆಟ್ಟಿಗೆ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡಳು. "ಇದನ್ನ ಹಾರಿಸಬೇಡ ಮಾರ್ಲಿಸ್."

"ಏನು?" ಎಂದಳು ಮಾರ್ಲಿಸ್. "ಇನ್ನು ನಲವತ್ತು ನಿಮಿಷಕ್ಕೆ ನನ್ನ ಸರದಿ!"

"ಆರ್ಡಿಸ್, ದಯವಿಟ್ಟು ಪೆಟ್ಟಿಗೆ ಕೊಡಿ," ಎಂದ ಲೋವೆಲ್, ಹುಡುಗರಿಂದ ಸಿಗರೇಟು ಕಿತ್ತುಕೊಳ್ಳುತ್ತಿದ್ದ ಕಾಲದ ದನಿಯಲ್ಲಿ. "ನೀವು ನನ್ನ ಲೇಖನ ಓದಿಲ್ಲ ಅನ್ಸುತ್ತೆ. ವೃತ್ತದೊಳಗಿನ ಗೆರೆ ಅಂದ್ರೆ…"

"ಮಿತ್ರದೇಶಗಳ ಸೈನ್ಯದ ಗುರುತು ಕಣೋ ಅದು. ಯಾರ ಬಂದೂಕಿಗಾದ್ರೂ ಹೊಂದುತ್ತೆ ಅಂತ. ಯಾರದ್ದಾದ್ರೂ ಅಂದ್ರೆ ಮೆಷಿನ್ ಗನ್ನಿಗೂ. ಈ ಅಂಚು ನೋಡು, ಎಳೆದು ತರಚಿದೆ. ಮೆಷಿನ್ ಗನ್ನು ಹಿಂಗೇ ಕಿತ್ತು ಬಿಸಾಕೋದು."

ಅಷ್ಟು ಹೊತ್ತಿಗೆ ಡೆಲ್ಮರ್ ಬಂದ. ಅವನ ಹಿಂದೆ ಕ್ಲಬ್ಬಿಗೆ ಕ್ಲಬ್ಬೇ ಬಂತು. ಲೋವೆಲ್‌ಗೆ ಬಿಟ್ಟುಕೊಡುವಂತಿರಲಿಲ್ಲ. "ಹೊರಗಿಂದ ಹೊಸದರ ಹಾಗೇ ಇದೆ. ನಾನು ಭೂತಕನ್ನಡಿ ಹಾಕಿ ನೋಡಿದ್ದೀನಿ."

"ಹೊರಗಿಂದ ನೋಡಿದ್ದೀಯ," ಎಂದಳು ಆರ್ಡಿಸ್. "ಡೆಲ್ಮರ್, ನಿನ್ನ ಗಾಡೀಲಿ ಸುತ್ತಿಗೆ ಇದೆಯಲ್ಲ, ಗುಂಡು ಕೀಳೋದು, ತಾ."

ಡೆಲ್ಮರ್ ಆ ಟೊಳ್ಳು ಸುತ್ತಿಗೆಯೊಳಗೆ ತೋಟೆಯನ್ನು ಸಿಕ್ಕಿಸಿ ಮರದ ದಿಮ್ಮಿಗೆ ನಾಲ್ಕು ಏಟು ಹಾಕಿದಾಗ ಗುಂಡು ಕಳಚಿಕೊಂಡಿತು. ಆರ್ಡಿಸ್ ಮದ್ದನ್ನು ನೀರಿನ ಡಬ್ಬಕ್ಕೆ ಸುರಿದು, ಕೋಟಿನ ಜೇಬಿನಿಂದ ಒಂದು ತಂತಿ ತೆಗೆದಳು. ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪನ್ನು ನೆಟ್ಟಗೆ ಮಾಡಿ ತುದಿಯನ್ನು ಕೊಕ್ಕೆಯಂತೆ ಬಾಗಿಸಿದ್ದು, ಅಷ್ಟೇ.

"ಒಳಗೆ ಬಿಟ್ಟು ಗೋಡೆ ಸವರ್ಕೊಂಡು ಮೇಲಕ್ಕೆಳಿ. ನಾನಲ್ಲ, ನೀನು."

ಲೋವೆಲ್ ಎಳೆದ. ತಂತಿ ಜಾರಿತು, ಜಾರಿತು, ಅಡಿಯಿಂದ ಬೆರಳುಗುರಿನಷ್ಟು ಮೇಲೆ ತಟಕ್ಕನೆ ಸಿಕ್ಕಿತು. ಮತ್ತೆ ಎಳೆದ. ಅಲ್ಲೇ ಸಿಕ್ಕಿತು. ತೋಟೆಯನ್ನು ತಿರುಗಿಸಿ ಎಳೆದ. ಸುತ್ತಲೂ ಸಿಕ್ಕಿತು.

"ಮೆಷಿನ್ ಗನ್ನಲ್ಲಿ ತೋಟೆ ಕೂರೋ ಗೂಡು ಸಡಿಲ," ಎಂದಳು ಆರ್ಡಿಸ್. "ಹಾರಿಸಿದಾಗ ತೋಟೆ ಉದ್ದಕ್ಕೆ ಹಿಗ್ಗುತ್ತೆ, ಅಲ್ಲಿ ತೆಳ್ಳಗಾಗುತ್ತೆ. ನೀನು ಒತ್ತಿ ಹಳೇ ಅಳತೆಗೆ ತಂದೆ, ತೆಳ್ಳಗಾದದ್ದು ಎಲ್ಲಿ ಹೋಗುತ್ತೆ? ಅದರ ಮೇಲೆ ಒಳಗೆ ಜಾಗ ಕಡಿಮೆ ಇರೋ ಸೈನ್ಯದ ತೋಟೆಗೆ ಅಂಗಡಿ ತೋಟೆಯ ಮದ್ದು. ಇವತ್ತು ಹಾರಿಸಿದ್ರೆ ಅಲ್ಲೇ ಎರಡು ತುಂಡು. ಬೆಂಕಿಗಾಳಿ ಹಿಂದಕ್ಕೆ ಬರುತ್ತೆ."

ಹಿಂದಕ್ಕೆ ಎಂದರೆ ಎಲ್ಲಿಗೆಂದು ಅಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ರೈಫಲ್ಲಿನ ಹಿಡಿಗೆ ಮಾರ್ಲಿಸ್ ತನ್ನ ಬಲಗೆನ್ನೆ ಒತ್ತಿ ಒತ್ತಿ ಮರದ ಬಣ್ಣವೇ ಮಾಸಿತ್ತು. ಲೋವೆಲ್ ಆ ಜಾಗವನ್ನು ನೋಡಿದ. ಆಮೇಲೆ ಹೆಂಡತಿಯ ಕೆನ್ನೆಯನ್ನು ನೋಡಿದ, ಕಣ್ಣನ್ನು ನೋಡಿದ. ಕೈಯಲ್ಲಿದ್ದ ತೋಟೆಗೆ ಇನ್ನೊಮ್ಮೆ ತಂತಿ ಬಿಟ್ಟು ಎಳೆದ.

"ಸೆಕ್ರೆಟರಿ ಸಾಹೇಬ್ರು ಕೂತ್ಕೊಳ್ಳಲಿ," ಎಂದ ಡೆಲ್ಮರ್, ತಾನೇ ಸ್ಟೂಲು ಎಳೆದು. ಆಮೇಲೆ ತನ್ನ ಗಾಡಿಯಿಂದ ಅಂಗಡಿಯ ಹೊಸ ತೋಟೆಯ ಮೂರು ಪೆಟ್ಟಿಗೆ ತಂದು ಮಾರ್ಲಿಸ್‌ಳ ಚಾಪೆಯ ಮೇಲಿಟ್ಟ. "ತಗೋ. ಜಿಂಕೆಗೆ ಅಂತ ಇಟ್ಟಿದ್ದು. ಜಿಂಕೆ ಕಾಯ್ಕೊಳ್ಳುತ್ತೆ."

ಮಾರ್ಲಿಸ್ ಹಾರಿಸಿದಳು. ರೈಫಲ್ಲಿಗೆ ಆ ತೋಟೆಯ ಅಭ್ಯಾಸವಿರಲಿಲ್ಲ. ಗುಂಡುಗಳು ಹಿಡಿದ ಗುರಿಗಿಂತ ಕೂದಲೆಳೆ ಎಡಕ್ಕೆ ಹೋದವು. ಅದನ್ನು ಅಂದಾಜು ಮಾಡಿ ಸರಿಪಡಿಸಿಕೊಳ್ಳುವಷ್ಟರಲ್ಲಿ ಎರಡು ಅಂಕ ಹೋಗಿಬಿಟ್ಟವು. ಮೂರನೆಯವಳಾದಳು. ತಂಡದ ಜಾಗ ತಪ್ಪಿದ್ದು ಆ ಎರಡೇ ಅಂಕದಿಂದ.

ಬೇರೆ ವರ್ಷವಾಗಿದ್ದರೆ ಲೋವೆಲ್ ತೀರ್ಪುಗಾರರಿಗೆ ನಾಲ್ಕು ಪುಟದ ಪತ್ರ ಬರೆಯುತ್ತಿದ್ದ. ಆವತ್ತು ಅವನು ಗಾಡಿಯನ್ನು ಆಮೆಯಂತೆ ಓಡಿಸುತ್ತ, ತಿರುವಿಗೊಮ್ಮೆ ಹೆಂಡತಿಯ ಕಡೆ ತಿರುಗಿ ನೋಡುತ್ತ ಮನೆಗೆ ಹೊರಟ.

"ರಸ್ತೆ ನೋಡು ಲೋವೆಲ್," ಎಂದಳು ಮಾರ್ಲಿಸ್. "ತೋಟೆಯಿಂದ ಉಳ್ಕೊಂಡು ಚರಂಡೀಲಿ ಸಾಯೋದು ಬೇಡ."

"ನಿನ್ನ ಜಾಗ ಹೋಯ್ತಲ್ಲ."

"ಹೋಯ್ತು. ಎರಡು ದಿನ ನಿನ್ ಜೊತೆ ಮಾತಾಡಲ್ಲ, ಸೋಮವಾರದಿಂದ ಮಾತಾಡ್ತೀನಿ. ಮುಂದಿನ ವರ್ಷನೂ ಸ್ಪರ್ಧೆ ಇದೆ, ನನಗೆ ಎರಡು ಕಣ್ಣೂ ಇವೆ."

ಲೋವೆಲ್‌ಗೆ ಆ ಎರಡು ದಿನದ ಮೌನವೂ ಯಾರೋ ಕೊಟ್ಟ ಉಡುಗೊರೆಯಂತಿತ್ತು. ಎದುರಿಗೆ ಕೂತು, ಸಿಟ್ಟಿನಿಂದ ಮೊಟ್ಟೆ ತಿನ್ನುತ್ತಿದ್ದ ಹೆಂಡತಿಯನ್ನು ಅವನು ಇಷ್ಟು ಹೊತ್ತು ನೋಡಿದ್ದು ಮದುವೆಯಾದ ವರ್ಷ ಬಿಟ್ಟರೆ ಆಗಲೇ.

ಮುಂದಿನ ಸಂಚಿಕೆಯಲ್ಲಿ ಅವನು ಏಪ್ರಿಲ್ ಲೇಖನ ಪೂರ್ತಿ ತಪ್ಪೆಂದು ಮೂರು ಸಾಲು ಬರೆದ. ಅವನು ಬರೆದವುಗಳಲ್ಲೆಲ್ಲ ಅತಿ ಚಿಕ್ಕದು; ಎಲ್ಲರೂ ಓದಿದ್ದು ಅದೊಂದನ್ನೇ. ಮಂಗಳವಾರ ಮಂಗಳವಾರ ಆರ್ಡಿಸ್‌ಳ ನೆಲಮಾಳಿಗೆಗೆ ಹೋಗತೊಡಗಿದ. ಆಕೆ ಆರಿಸಿದ್ದನ್ನು ಡಬ್ಬಕ್ಕೆ ಜೋಡಿಸಿ ಪೆನ್ಸಿಲ್ಲಿನಲ್ಲಿ ಹೆಸರು ಬರೆಯುವುದು ಅವನ ಕೆಲಸ. ಅಚ್ಚು ಓದಲು ಆಕೆ ಇನ್ನೂ ಬಿಟ್ಟಿರಲಿಲ್ಲ.

ಆಗಸ್ಟಿನ ಒಂದು ಶುಕ್ರವಾರ, ಊರಿನ ಹೋಟೆಲಿನಲ್ಲಿ ಎಂದಿನಂತೆ ಕರಿದ ಮೀನಿನ ಊಟ. ಮಾರ್ಲಿಸ್, ಆರ್ಡಿಸ್, ಡೆಲ್ಮರ್ ಒಂದೇ ಮೇಜಿಗೆ ಕೂತಿದ್ದರು. ಬ್ರಾಂದಿಯ ಎರಡನೇ ಗ್ಲಾಸು ಒಳಗೆ ಹೋದ ಮೇಲೆ ಲೋವೆಲ್ ಗಂಟಲು ಸರಿಮಾಡಿಕೊಂಡ.

"ಬಂತು ನೋಡು ಭಾಷಣ," ಎಂದ ಡೆಲ್ಮರ್.

"ಭಾಷಣ ಅಲ್ಲ. ಆರ್ಡಿಸ್, ನಾನು ಸರಿಯಾಗಿ ಥ್ಯಾಂಕ್ಸ್ ಹೇಳೇ ಇಲ್ಲ. ಇವಳು ಇಲ್ಲಿ ಕೂತು ಮೀನು ತಿಂತಿರೋದು ನಿಮ್ಮಿಂದ. ದಿನಾ ಬೆಳಿಗ್ಗೆ ಇವಳ ಮುಖ ನೋಡಿದಾಗ ನಿಮ್ಮನ್ನ ನೆನೀತೀನಿ."

"ಬೆಳಿಗ್ಗೇನೇ ನೆನೀಬೇಡ, ಬಿಕ್ಕಳಿಕೆ ಬರುತ್ತೆ," ಎಂದಳು ಆರ್ಡಿಸ್. "ಆ ಎಲೆಕೋಸು ಈ ಕಡೆ ತಳ್ಳು."

ಲೋವೆಲ್ ತಳ್ಳಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎರಡು ತಿಂಗಳಿಂದ ಅವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು; ಅದಕ್ಕೊಂದು ಮೆತ್ತನೆಯ ಉತ್ತರ ಸಿಕ್ಕೀತೆಂಬ ಆಸೆಯೂ ಇತ್ತು.

"ಒಂದು ಮಾತು ಕೇಳ್ಲಾ? ಅವತ್ತು ಆ ಚಾಪೆ ಮೇಲೆ ಮಾರ್ಲಿಸ್ ಅಲ್ಲ, ನಾನಿದ್ದಿದ್ರೆ? ಬಡ ವಿಧವೆ ಅಂತ ಭಾಷಣ ಮಾಡಿದ ಈ ನಾನು. ಆಗಲೂ ಆ ಪೆಟ್ಟಿಗೆ ಕಸ್ಕೊಳ್ತಿದ್ರಾ?"

ಆರ್ಡಿಸ್ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟಳು.

"ಕಸ್ಕೊಳ್ತಿದ್ದೆ," ಎಂದಳು. "ನಿನ್ನ ರೈಫಲ್ಲಿಂದ ಬೀಳೋ ಒಳ್ಳೇ ತೋಟೇನೂ ನಾನೇ ತಾನೇ ಹೆಕ್ಕೋದು. ರೈಫಲ್ ಒಡೆದುಹೋದ್ರೆ ಹೆಕ್ಕೋಕೆ ಏನಿರುತ್ತೆ?"