ಉಳಿದ ಎಂಟು ಮಾತ್ರೆ

ಚಿಂತಾಮಣಿಯ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ದಿನವಿಡೀ ಹೆಂಗಸರ ಮೂತ್ರ ಪರೀಕ್ಷೆ ಮಾಡಿ, ಸೋಂಕು ಇದೆಯೆಂದು ಬರೆದು ಬರೆದು ಕೈ ಸವೆದಿದೆ. ಆದರೂ ನಮ್ಮ ಮನೆಯೊಳಗಿನದೇ ನನಗೆ ಗೊತ್ತಾಗಲಿಲ್ಲ.

ಅಣ್ಣನ ಹೆಂಡತಿ ನನ್ನ ಓರಗೆಯವಳು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಬೆಳಗಿನಿಂದ ಸಂಜೆವರೆಗೆ ಗೂಡು ಬೇಯುವ ಬಿಸಿನೀರಿನಲ್ಲಿ ಕೈ ಆಡಿಸುವವಳು ಕುಡಿಯಲು ಮಾತ್ರ ತೊಟ್ಟು ನೀರು ಮುಟ್ಟುವುದಿಲ್ಲ. ಅಲ್ಲಿ ಹೆಂಗಸರಿಗೆ ಕಕ್ಕಸಿಲ್ಲ. ಮಾಲೀಕರ ಮನೆಯದಕ್ಕೆ ಕೇಳಿಕೊಂಡು ಹೋಗಬೇಕು. ಗಂಡಸರೆದುರು ಹಾಗೆ ಕೇಳುವುದಕ್ಕಿಂತ ಕಟ್ಟಿಕೊಂಡು ಕೂರುವುದೇ ವಾಸಿ ಎಂದು ಎಲ್ಲರೂ ಅಭ್ಯಾಸ ಮಾಡಿಕೊಂಡಿದ್ದಾರೆ. ಉರಿಮೂತ್ರ ಬಂದರೆ ಹೊಕ್ಕುಳಿಗೆ ಹರಳೆಣ್ಣೆ, ಒಂದು ಲೋಟ ಬಾರ್ಲಿ ನೀರು, ಮುಗಿಯಿತು.

ಆರು ತಿಂಗಳ ಬಸುರಿ, ಒಂದು ಬೆಳಗ್ಗೆ ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಹೊರಬಂದಳು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ.

"ಹದಿನೈದು ದಿನ ಆಯ್ತೇನೋ. ಉಷ್ಣ ಕಣೇ."

"ಉಷ್ಣ ಅಂತೆ ಉಷ್ಣ, ನಿನ್ನ ತಲೆ!" ಎಂದು ಬೈದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಪರೀಕ್ಷೆ ನಾನೇ ಮಾಡಿದೆ. ಸೋಂಕು ಜೋರಾಗಿತ್ತು. ಏಳು ದಿನಕ್ಕೆ ಹದಿನಾಲ್ಕು ಮಾತ್ರೆ ಬರೆದುಕೊಟ್ಟ ಡಾಕ್ಟರು, "ಒಂದೂ ಬಿಡಬೇಡಮ್ಮ, ಮಗೂಗೆ ತೊಂದರೆ ಆಗುತ್ತೆ" ಎಂದರು. ಅತ್ತಿಗೆ ತಲೆಯಾಡಿಸಿದಳು.

ಮೂರು ದಿನಕ್ಕೆ ಉರಿ ಹೋಯಿತೆಂದು ನಗುನಗುತ್ತಾ ಕೆಲಸಕ್ಕೆ ಹೋದಳು. ಕತ್ತೆ ನಾನು, ಮತ್ತೆ ವಿಚಾರಿಸಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಮೈ ನಡುಗಿಸುವ ಚಳಿಜ್ವರ, ಪಕ್ಕೆಯಲ್ಲಿ ನೋವು. ಚಿಕ್ಕಬಳ್ಳಾಪುರಕ್ಕೆ ಕರೆದೊಯ್ಯುವ ಹೊತ್ತಿಗೆ ಹೆರಿಗೆ ನೋವೇ ಶುರುವಾಗಿತ್ತು. ಹೆಣ್ಣುಮಗು. ಒಂದು ಹಗಲು ಉಸಿರಾಡಿತು. ಗಾಜಿನ ಪೆಟ್ಟಿಗೆಯ ಹೊರಗೆ ನಿಂತು ನೋಡುವುದನ್ನು ಬಿಟ್ಟರೆ ನನ್ನಿಂದ ಏನೂ ಆಗಲಿಲ್ಲ. ನಾನು ಓದಿದ್ದು ಯಾತಕ್ಕೆ ಬಂತು ಎಂದು ಅಲ್ಲೇ ಅತ್ತೆ.

ಮಾರನೆಯ ದಿನ ಅವಳೇ ಬಾಯಿಬಿಟ್ಟಳು. ಉರಿ ನಿಂತ ಮೇಲೆ, ಉಳಿದ ಎಂಟು ಮಾತ್ರೆಯನ್ನು ಪಕ್ಕದಲ್ಲಿ ಕೂತು ನೂಲು ಬಿಚ್ಚುವ ಹುಡುಗಿಗೆ ಕೊಟ್ಟಿದ್ದಳಂತೆ. ಅಲ್ಲಿ ಅದೇ ರೂಢಿ, ಒಬ್ಬಳಿಗೆ ಹಿಡಿದ ಔಷಧಿ ಇನ್ನೊಬ್ಬಳಿಗೆ. ಹಸಿ ಬಾಣಂತಿ ಎಂಬುದನ್ನೂ ನೋಡದೆ ಕೂಗಾಡಿದೆ.

"ನಿನ್ನ ಧಾರಾಳಕ್ಕೆ ಬೆಂಕಿ ಹಾಕ! ಡಾಕ್ಟರು ಅಷ್ಟು ಬಡಕೊಂಡ್ರಲ್ಲ, ಕಿವಿಗೆ ಬೀಳಲಿಲ್ವಾ?"

"ಬಿತ್ತು ಕಣೇ. ಅವಳಿಗೂ ನಾಲ್ಕು ತಿಂಗಳು. ಉರಿ ಉರಿ ಅಂತ ಅಳ್ತಿದ್ಳು. ಮಗೂಗೆ ತೊಂದ್ರೆ ಅಂದಿದ್ರಲ್ಲ, ಅದಕ್ಕೇ ಕೊಟ್ಟೆ."

ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಆ ಹುಡುಗಿ ಈಗ ಹೇಗಿದ್ದಾಳೆ ಎಂದು ಕೇಳಿದೆ.

"ಪೆರೇಸಂದ್ರದ ಕಡೆಯೋಳು. ಎರಡು ದಿನದಿಂದ ಕೆಲಸಕ್ಕೆ ಬಂದಿಲ್ವಂತೆ. ಚಳಿಜ್ವರ ಅಂತೆ." ಅವಳು ಫೋನು ನನ್ನ ಕೈಗಿಟ್ಟಳು. "ನೀನೇ ಮಾತಾಡಮ್ಮ."

ತಕ್ಷಣ ಆಸ್ಪತ್ರೆಗೆ ಹೋಗು ಎಂದು ಹೇಳಲು ನಂಬರು ಒತ್ತಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಒತ್ತಿದೆ.