ನಡುಗಡ್ಡೆಯಲ್ಲಿ ನಾಗಭೂಷಣನ ಪೂಜೆ

ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ದ್ರಾಕ್ಷಾಯಣಮ್ಮ ಮೊಸಳೆಯ ಬಾಲ ಅಳಿಸುತ್ತಿದ್ದರು. ಅದು ಚಿತ್ರಕಥೆಯ ಅರವತ್ತೊಂದನೆಯ ಪುಟ. ಬಾಲ ಉದ್ದವಾಗಿದೆ ಎಂದು ಹಿಂದಿನ ಭಾನುವಾರ ಅಣ್ಣ ತಕರಾರು ತೆಗೆದಿದ್ದರು.

ದಾವಣಗೆರೆಯ ಮಂಡಿಪೇಟೆಯ ಅಂಗಡಿಗಳಿಗೆ ಕಸೂತಿಯ ವಿನ್ಯಾಸ ಬರೆದುಕೊಡುವುದು ಅವರ ಕಸುಬು. ಚಿತ್ರಕಥೆ ಮಾತ್ರ ಹರಿಹರದಲ್ಲಿರುವ ಅಣ್ಣ ಉಜ್ಜನಪ್ಪನವರಿಗಾಗಿ. ಚಿಕ್ಕಂದಿನಲ್ಲಿ ಇಬ್ಬರೂ ಸೇತುವೆಯ ಮೇಲೆ ನಿಂತು, ಹೊಳೆಯ ನಡುಗಡ್ಡೆಯಲ್ಲಿ ಸಿಕ್ಕಿಕೊಂಡರೆ ಹೇಗೆ ಬದುಕುವುದೆಂದು ವಾದಿಸುತ್ತಿದ್ದರು.

ಕಳೆದ ವರ್ಷ ಉಜ್ಜನಪ್ಪನವರಿಗೆ ಲಕ್ವ ಹೊಡೆದು ಬಲಗೈ ಬಿತ್ತು. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಬಲಗೈಯಿಂದ ಪೂಜಿಸದೆ ಅವರು ಎಂದೂ ಉಂಡವರಲ್ಲ. ಪೂಜೆ ನಿಂತಿತು, ಅದರೊಂದಿಗೆ ಊಟವೂ ನಿಂತಿತು. ಸೊಸೆ ರೂಪಶ್ರೀ ಬೇಡಿಕೊಂಡರೆ ನಾಲ್ಕು ಗುಟುಕು ಗಂಜಿ, ಅಷ್ಟೇ. ಮನಸ್ಸಿನಲ್ಲೇ ಪೂಜಿಸಿದರೂ ಸಾಕು ಎಂದರು ಮಠದ ಸ್ವಾಮಿಗಳು. ಹೀಗೇ ಆದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಎರಡಕ್ಕೂ ಉಜ್ಜನಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು.

ದ್ರಾಕ್ಷಾಯಣಮ್ಮ ಬುದ್ಧಿ ಹೇಳಲು ಹೋಗಲಿಲ್ಲ. ಭಾನುವಾರದ ಬಸ್ಸಿಗೆ ಚಿತ್ರ ಒಯ್ಯತೊಡಗಿದರು. ತೆಪ್ಪ ಮುಳುಗಿ ನಡುಗಡ್ಡೆ ಸೇರಿದ ವ್ಯಾಪಾರಿ ನಾಗಭೂಷಣ. ಸುತ್ತಲೂ ಮೊಸಳೆ, ಪೊದೆಯಲ್ಲಿ ಹಾವು. ಅಣ್ಣನಿಗೊಬ್ಬ ಜೊತೆಗಾರ ಇರಲಿ ಎಂದು ಅವನ ಬಲಗೈಗೇ ಮೊಸಳೆ ಬಾಯಿ ಹಾಕಿ, ಕೈ ಸ್ವಾಧೀನ ತಪ್ಪಿ ಜೋತುಬೀಳುವಂತೆ ಬರೆದರು. ಲಿಂಗವಂತನಿಗೆ ಮೀನು ತಿನ್ನಿಸುವಂತಿಲ್ಲ. ಐದನೆಯ ಪುಟದಲ್ಲಿ ಅತ್ತಿಹಣ್ಣು ತಿನ್ನಿಸಿದರು.

ಉಜ್ಜನಪ್ಪ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿಸಿಕೊಂಡು ನೋಡಿದರು.

“ಏನವ್ವ ದ್ರಾಕ್ಷಿ, ಈತನ ಕೊಳ್ಳಾಗ ಲಿಂಗ ಐತೆ. ಪೂಜೆ ಇಲ್ದಂಗೆ ಹೆಂಗೆ ತಿಂತಾನ?”

ದ್ರಾಕ್ಷಾಯಣಮ್ಮ ಪೂಜೆಯನ್ನು ನಿಜವಾಗಿಯೂ ಮರೆತಿದ್ದರು. “ಹೌದಲ್ಲ, ತಪ್ಪಾತು. ಆದ್ರ ಬಲಗೈ ಬಿದ್ದೈತಲ್ಲಣ್ಣ?”

“ಹಂಗಾರ ತಿನ್ನಬಾರ್ದು.”

“ತಿನ್ನದಿದ್ರೆ ಸಾಯ್ತಾನ. ಕತೆ ಇಲ್ಲಿಗೇ ಮುಗೀತು, ಬಿಡು.” ದ್ರಾಕ್ಷಾಯಣಮ್ಮ ಹಾಳೆ ಮಡಿಸತೊಡಗಿದರು.

“ತಡಿಯೇ! ಮೊಸಳೆಗಿಂತ ನಿನಗೇ ಅವಸರ ಜಾಸ್ತಿ.”

ಉಜ್ಜನಪ್ಪನವರ ಬಲಗೈ ದಿಂಬಿನ ಮೇಲೆ ಅಂಗಾತ ಬಿದ್ದಿತ್ತು. ಅದನ್ನೇ ನೋಡುತ್ತಿದ್ದರು.

“ಬಿದ್ದ ಕೈ ಮ್ಯಾಲೆ ಲಿಂಗ ಇಡ್ಲಿ. ಸುಮ್ನೆ ಹೊತ್ಕಳಾಕೆ ಶಕ್ತಿ ಯಾಕ ಬೇಕು? ಪೂಜೆ ಎಡಗೈ ಮಾಡ್ತೈತೆ.”

ದ್ರಾಕ್ಷಾಯಣಮ್ಮ ಅಲ್ಲೇ ಪೆನ್ಸಿಲ್ ತೆಗೆದು ಹಾಗೆಯೇ ಬರೆದರು. ಅಂಗೈಯ ಪಕ್ಕ ಒಂದು ಹೂವನ್ನೂ ಬರೆದಾಗ ಅಣ್ಣ ತಡೆದರು. “ಪತ್ರೆ ಬರಿ. ಗಡ್ಡೆ ಮ್ಯಾಲೆ ಪತ್ರೆ ಗಿಡ ಇರಲ್ಲೇನು?”

ಚಿತ್ರ ಮುಗಿದ ಮೇಲೆ ಉಜ್ಜನಪ್ಪ ಸೊಸೆಯನ್ನು ಕರೆದರು. “ರೂಪಾ, ನೀರು ತಾರವ್ವ. ವಿಭೂತಿ ಎಲ್ಲೈತೆ ನೋಡು.”

ಆ ಮಧ್ಯಾಹ್ನ ರೂಪಶ್ರೀ ಜೋಳದ ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿ ಕೊಟ್ಟಳು. ಉಜ್ಜನಪ್ಪ ಬೇಡವೆನ್ನಲಿಲ್ಲ. ಉಪ್ಪು ಕಡಿಮೆ ಎಂದರು.

ಅಂದಿನಿಂದ ದಿನವೂ ಪೂಜೆ, ಊಟ ನಡೆದಿವೆ; ಕತೆ ಅರವತ್ತೊಂದನೆಯ ಪುಟಕ್ಕೆ ಬಂದಿದೆ. ನಾಗಭೂಷಣ ಎರಡು ಸಲ ತೆಪ್ಪ ಕಟ್ಟಿದ. ಎರಡು ಸಲವೂ ಉಜ್ಜನಪ್ಪ ಬಿಡಲಿಲ್ಲ. “ಹೊಳೆ ಇಳೀಲಿ ತಡಿ. ಈಗ ಹೋಗಿ ಏನು ಮಾಡ್ತಾನ?”

ಮೊದಲ ಹಾಳೆ ಒಯ್ದ ದಿನ ರೂಪಶ್ರೀ ಕೇಳಿದ್ದಳು: “ಈತ ದಡ ಸೇರಾಕೆ ಎಷ್ಟು ಪುಟ ಬೇಕಾಗ್ತಾವ ಅತ್ತೆ?”

ದ್ರಾಕ್ಷಾಯಣಮ್ಮ ಪೆನ್ಸಿಲ್ ಚೂಪು ಮಾಡುತ್ತಾ ಹೇಳಿದ್ದರು: “ಎಂಟು.”